ಬರಲಿರುವವರು ಯಾರು? ಜಾಯ್ ಬಾಯ್, ವೀರವಸಂತರಾಯ ಮತ್ತು ನಮ್ಮ ಮನೆಯ ಊಹಾಪಂಡಿತರು

ಜಪಾನಿ ಭಾಷೆಯಲ್ಲಿ 'ಕೋಸಾತ್ಸು' ಎಂಬ ಪದವಿದೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದಿದವರಿಗೆ, ಕಂಪನಿಗಳಲ್ಲಿ ಪರೀಕ್ಷಾ ವರದಿ ಬರೆಯುವವರಿಗೆ ಅದು ಚಿರಪರಿಚಿತ. ಪ್ರಯೋಗದ ಫಲಿತಾಂಶ ಕೊಟ್ಟ ಮೇಲೆ, ಅದು ಹೀಗೇಕೆ ಬಂತು ಎಂದು ವಿವೇಚಿಸುವ ಭಾಗಕ್ಕೆ ಆ ಹೆಸರು. ಅದೇ ಪದವನ್ನು ನಮ್ಮ ಮನೆಗಳ ಮಕ್ಕಳು ಬೇರೊಂದು ಕೆಲಸಕ್ಕೆ ಬಳಸುತ್ತಾರೆ. ಧಾರಾವಾಹಿಯಾಗಿ ಬರುತ್ತಿರುವ ಮಾಂಗಾ ಕಥೆಯಲ್ಲಿ ಮುಂದೇನಾಗುತ್ತದೆ, ಹಳೆಯ ಸಂಚಿಕೆಯ ಮೂಲೆಯಲ್ಲಿ ಕಂಡ ಆ ಮುಸುಕಿನವನು ಯಾರು, ಭವಿಷ್ಯವಾಣಿ ಹೇಳಿದ ವೀರ ಇವನೋ ಅವನೋ, ಎಂದು ಸಾಕ್ಷ್ಯ ಒಟ್ಟುಮಾಡಿ ವಾದಿಸುವುದೂ ಕೋಸಾತ್ಸುವೇ. ಇದರ ಜತೆಗೇ ಕೇಳಿಬರುವ ಇನ್ನೊಂದು ಮಾತು 'ಫುಕುಸೆನ್'. ಕಥೆಗಾರ ಮೊದಲೇ ಹುದುಗಿಸಿಟ್ಟ ಸುಳಿವಿನ ಎಳೆ ಎಂದರ್ಥ. ಆ ಎಳೆಯನ್ನು ಕೊನೆಗೆ ಎಳೆದು ಬಿಗಿಯುವುದಕ್ಕೆ 'ಕೈಶೂ' ಎನ್ನುತ್ತಾರೆ. ಬ್ಯಾಂಕು ಸಾಲ ವಸೂಲು ಮಾಡುವುದಕ್ಕೂ ಇದೇ ಪದ. ಮಿದೋರಿ ವಾರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೋಮವಾರದ ಸಂಜೆ ನಡೆಯುವ ಚರ್ಚೆ ಕೇಳಿದರೆ, ವಸೂಲಿ ಅಧಿಕಾರಿಗಳ ಸಭೆಯೇನೋ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಈ ಹವ್ಯಾಸವನ್ನು ಹಗುರವಾಗಿ ಕಾಣುವವನು ನಾನಲ್ಲ. ಹತ್ತು ವರ್ಷದ ಹಿಂದಿನ ಪುಟವೊಂದನ್ನು ನೆನಪಿಟ್ಟು, ಇಂದಿನ ಪುಟದ ಪಕ್ಕದಲ್ಲಿಟ್ಟು ನೋಡುವ ಹುಡುಗ ಎಚ್ಚರದ ಓದುಗ. ನಾವು ಪದವಿ ತರಗತಿಯಲ್ಲಿ ಪಂಪಭಾರತವನ್ನು ಅಷ್ಟು ಎಚ್ಚರದಿಂದ ಓದಿದ್ದರೆ ಮೇಷ್ಟರು ಸಂತೋಷಪಡುತ್ತಿದ್ದರು. ನನ್ನ ತಕರಾರು ಬೇರೆ. ಭವಿಷ್ಯವಾಣಿ ಎದುರಾದ ಕೂಡಲೇ ಈ ಓದು 'ಯಾರು' ಎಂಬ ಒಂದೇ ಪ್ರಶ್ನೆಗೆ ಗಂಟುಬೀಳುತ್ತದೆ. ಆ ಭವಿಷ್ಯವನ್ನು ನುಡಿದವರು ಯಾರು, ಯಾವ ಸಂಕಟದಲ್ಲಿ ನುಡಿದರು, ಅದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡವರು ಯಾರು ಎಂದು ಕೇಳುವುದೇ ಇಲ್ಲ. ಕನ್ನಡದ ಕಾಲಜ್ಞಾನ ಪರಂಪರೆಯನ್ನು ಪಕ್ಕಕ್ಕಿಟ್ಟುಕೊಂಡು ನೋಡಿದಾಗ ಈ ಕೊರತೆ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಮುಂದಿನ ಪುಟಗಳಲ್ಲಿ ಕೆಲವು ಕಥೆಗಳ ಗುಟ್ಟು ಬಯಲಾಗುತ್ತದೆ. ಇನ್ನೂ ಓದದ ಮಕ್ಕಳಿದ್ದರೆ ಈ ಲೇಖನವನ್ನು ಆಮೇಲೆ ಕೊಡಿ.

'ಒನ್ ಪೀಸ್' ಕಥೆಯಿಂದಲೇ ಶುರುಮಾಡುತ್ತೇನೆ. ಎಯಿಚಿರೋ ಓದಾ ಅವರ ಈ ಮಾಂಗಾ 1997ರಿಂದ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಬರುತ್ತಿದೆ. ರಬ್ಬರಿನಂತೆ ಹಿಗ್ಗುವ ಮೈಯ ಲುಫಿ ಎಂಬ ಹುಡುಗ ಕಡಲ್ಗಳ್ಳರ ರಾಜನಾಗಲು ಹೊರಟ ಕಥೆ. ಇದರಲ್ಲಿ 'ಜಾಯ್ ಬಾಯ್' ಎಂಬ ಹೆಸರು 2011ರಲ್ಲಿ ಮೊದಲು ಕೇಳಿಬಂತು. ನೂರಾರು ವರ್ಷದ ಹಿಂದೆ ಬದುಕಿದ್ದವನು, ಮತ್ತೆ ಬರಬೇಕಾದವನು. ಅಲ್ಲಿಂದ ಮುಂದೆ ಜಾಯ್ ಬಾಯ್ ಯಾರು ಎಂಬುದೇ ಕೋಸಾತ್ಸು ಪಂಡಿತರ ದೊಡ್ಡ ಉದ್ಯೋಗವಾಯಿತು. 2022ರ ಮಾರ್ಚ್‌ನಲ್ಲಿ 1044ನೇ ಅಧ್ಯಾಯ ಉತ್ತರ ಕೊಟ್ಟಿತು. ಲುಫಿ ಬಾಲ್ಯದಲ್ಲಿ ತಿಂದದ್ದು ರಬ್ಬರಿನ ಹಣ್ಣಲ್ಲ, ಸೂರ್ಯದೇವತೆ ನಿಕಾನ ಶಕ್ತಿಯ ಹಣ್ಣು. ಆ ಹೆಸರು ಚರಿತ್ರೆಯಲ್ಲಿ ಉಳಿಯಬಾರದೆಂದು ಸರ್ಕಾರವೇ ಹಣ್ಣಿನ ಹೆಸರು ಬದಲಿಸಿತ್ತು. ಮೊದಲೇ ಊಹಿಸಿದ್ದವರು ಬೀಗಿದರು. 'ಯಾರೂ ಅಲ್ಲದ ಹುಡುಗನೊಬ್ಬ ತನ್ನ ಪ್ರಯತ್ನದಿಂದ ಮೇಲೆ ಬಂದ ಕಥೆ ಎಂದುಕೊಂಡಿದ್ದೆವು, ಇವನೂ ವಿಧಿ ಆರಿಸಿದ ವೀರನೇ ಆದನಲ್ಲ' ಎಂದು ಕೆಲವರು ಮುನಿಸಿಕೊಂಡರು. ನನ್ನ ಮಗ ಎರಡನೆಯ ಪಂಗಡದವನು. ಅವನ ಮುನಿಸಿನಲ್ಲಿ ನ್ಯಾಯವಿದೆ.

ಆದರೆ ಎರಡೂ ಪಂಗಡಗಳು ದಾಟಿಹೋದ ಒಂದು ಸಂಗತಿಯಿದೆ. ನಿಕಾನ ಹೆಸರು ಕಥೆಯೊಳಗೆ ಮೊದಲು ಬಂದದ್ದು ಯಾವ ಶಾಸನದಿಂದಲೂ ಅಲ್ಲ, ಯಾವ ಪಂಡಿತನಿಂದಲೂ ಅಲ್ಲ. ಸೆರೆಮನೆಯಲ್ಲಿ ಕೊಳೆತು ಬಂದ ಒಬ್ಬ ಖಳನ ಬಾಯಿಂದ. ಬಹಳ ಹಿಂದೆ ಗುಲಾಮರು ತಮ್ಮನ್ನು ಬಿಡಿಸಲು ಬರುತ್ತಾನೆಂದು ನಂಬಿದ್ದ ಯೋಧ ಅವನು ಎಂದು ಆತ ಹೇಳುತ್ತಾನೆ. 2023ರಲ್ಲಿ ಬಂದ ಕುಮಾನ ಬಾಲ್ಯದ ಅಧ್ಯಾಯದಲ್ಲಂತೂ ಇದು ಕರುಳು ಹಿಂಡುವಷ್ಟು ಸ್ಪಷ್ಟವಾಗಿದೆ. ಗುಲಾಮರ ಕೊಟ್ಟಿಗೆಯಲ್ಲಿ ತಂದೆ ತನ್ನ ಪುಟ್ಟ ಮಗನಿಗೆ ನಿಕಾನ ಕಥೆ ಹೇಳುತ್ತಾನೆ, ಅವನ ಬಿಡುಗಡೆಯ ತಾಳವನ್ನು ಬಾಯಲ್ಲಿ ನುಡಿಸುತ್ತಾನೆ. ಗದ್ದಲವಾಯಿತೆಂದು ಒಡೆಯರು ಅಲ್ಲಿಯೇ ಗುಂಡಿಕ್ಕುತ್ತಾರೆ. ಕಥೆ ಮಗನಲ್ಲಿ ಉಳಿಯುತ್ತದೆ. ಆ ಮಗ ದೊಡ್ಡವನಾಗಿ ಕಾಯಿಲೆಯ ತನ್ನ ಮಗಳು ಬೋನಿಯ ಎದುರು ನಿಕಾನಂತೆ ಕುಣಿದು ತೋರಿಸುತ್ತಾನೆ. ಮುಂದೆ ಒಂದು ಗಳಿಗೆಯಲ್ಲಿ ಬೋನಿ ತಾನೇ ನಿಕಾನ ರೂಪ ತಾಳುತ್ತಾಳೆ. ನಿಕಾ ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಾಲದೆಂದು ಕಥೆಯೇ ಹೇಳಿದ ಹಾಗಾಯಿತು. ಆ ವಾರ ನಮ್ಮ ಮನೆಯಲ್ಲಿ ನಡೆದ ಚರ್ಚೆ ಮಾತ್ರ ಅವಳ ಶಕ್ತಿ ಎಷ್ಟು ಹೊತ್ತು ಉಳಿಯಬಲ್ಲದು ಎಂಬುದರ ಬಗ್ಗೆ!

ಇನ್ನೊಂದು ಸೂಕ್ಷ್ಮ. ಜಾಯ್ ಬಾಯ್ ಕಲ್ಲಿನಲ್ಲಿ ಬರೆಸಿಟ್ಟು ಹೋದ ಬರಹ ಸಮುದ್ರದಾಳದ ದ್ವೀಪದಲ್ಲಿದೆ. ಅದು ಭವಿಷ್ಯವಾಣಿಯೂ ಅಲ್ಲ, ಪ್ರತಾಪದ ಶಾಸನವೂ ಅಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ ಎಂದು ಅಂದಿನ ಮತ್ಸ್ಯಕನ್ಯೆಯ ರಾಜಕುಮಾರಿಗೆ ಬರೆದ ಕ್ಷಮಾಪಣೆ. ಮುಂದೆ ಬರುವವನು ಗೆದ್ದು ಕಿರೀಟ ತೊಡಲು ಬರುವುದಿಲ್ಲ, ಇನ್ನೊಬ್ಬರು ಮುರಿದ ಮಾತನ್ನು ತೀರಿಸಲು ಬರುತ್ತಾನೆ. ವಸೂಲಿಯ ಮಾತು ಬಂದರೆ, ಓದಾ ಅವರ ಕಥೆಯಲ್ಲಿ ನಿಜಕ್ಕೂ ವಸೂಲಾಗಬೇಕಾದ ಸಾಲ ಇದು.

ಈಗ ನಮ್ಮ ಕಡೆಗೆ. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆದದ್ದು ನಮಗೆಲ್ಲ ಗೊತ್ತು. ಶರಣರ ಬಳಗ ಚೆದುರಿತು, ಬಿಜ್ಜಳ ಕೊಲೆಯಾದ, ಊರು ಬರಿದಾಯಿತು. ಆ ನಂತರದ ಶತಮಾನಗಳಲ್ಲಿ ಕಾಲಜ್ಞಾನ ಎಂಬ ಒಂದು ಸಾಹಿತ್ಯ ಪ್ರಕಾರವೇ ಬೆಳೆಯಿತು. ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮರ ಹೆಸರಿನಲ್ಲಿ ಮುಂದಾಗುವುದನ್ನು ನುಡಿಯುವ ವಚನಗಳು ಹುಟ್ಟಿದವು. ಇವುಗಳ ಕಟ್ಟಡ ಕುತೂಹಲದ್ದು. ಆಗಿಹೋದದ್ದನ್ನೇ 'ಆಗುತ್ತದೆ' ಎಂದು ಹೇಳುತ್ತ ಬಂದು, ನಡುವೆ ಎಲ್ಲೋ ಒಂದು ಕಡೆ ಇನ್ನೂ ಆಗದ್ದಕ್ಕೆ ಜಾರುತ್ತವೆ. ಆ ಇನ್ನೂ ಆಗದ ಭಾಗದಲ್ಲಿ ನಿಂತಿರುವವನು ವೀರವಸಂತರಾಯ. ಅವನು ಬರುತ್ತಾನೆ, ಕಲ್ಯಾಣ ಮತ್ತೆ ಕಲ್ಯಾಣವಾಗುತ್ತದೆ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನವರ ಪರಂಪರೆಯಲ್ಲಿ ಕಾಲಜ್ಞಾನ ದೊಡ್ಡ ಆಸ್ತಿ. ತೆಲುಗಿನಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರರು ತಾವೇ ವೀರಭೋಗ ವಸಂತರಾಯನಾಗಿ ಮರಳಿ ಬರುವುದಾಗಿ ಹೇಳಿದರೆಂದು ಭಕ್ತರು ನಂಬುತ್ತಾರೆ. ವಿಜಯನಗರ 1565ರಲ್ಲಿ ಬಿದ್ದ ನಾಡಿನಲ್ಲಿ ಇಂಥ ಹೆಸರೊಂದು ಗಡಿ ದಾಟಿ ಎರಡು ಭಾಷೆಗಳಲ್ಲಿ ಬೇರುಬಿಟ್ಟದ್ದು ಆಶ್ಚರ್ಯವಲ್ಲ.

ವಸಂತರಾಯ ಎಂಬ ಹೆಸರನ್ನೇ ಗಮನಿಸಿ. ವಂಶದ ಹೆಸರಿಲ್ಲ, ಊರಿನ ಹೆಸರಿಲ್ಲ, ಇರುವುದು ಋತುವಿನ ಹೆಸರು. ಸುಟ್ಟುಹೋದ ಊರಿನವರು ಚಿಗುರಿನ ಹೆಸರನ್ನು ಕರೆದಂತಿದೆ ಅದು. ಕಾಲಜ್ಞಾನದ ವಚನಗಳಲ್ಲಿ ಕಲ್ಯಾಣ ಹೇಗೆ ಹಾಳಾಯಿತೆಂಬ ನೋವು ಎಷ್ಟು ವಿವರವಾಗಿದೆಯೋ, ಬರುವವನ ಮುಖ ಅಷ್ಟೇ ಅಸ್ಪಷ್ಟ. ನುಡಿದವರ ಗಮನ ಎಲ್ಲಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ. ಅವರಿಗೆ ಬೇಕಾದದ್ದು ಕಲ್ಯಾಣ. ರಾಯ ಅದಕ್ಕೊಂದು ನೆಪ.

ಈ ಸಾಹಿತ್ಯವನ್ನು ನಾವು ಇಂದು ಓದುತ್ತಿರುವ ರೀತಿಯಾದರೋ ಶುದ್ಧ ಕೋಸಾತ್ಸು. ಅದೂ ಮಕ್ಕಳ ಕೋಸಾತ್ಸುವಿಗಿಂತ ಕಳಪೆಯದು. 2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ಇದೇ ಯೋಕೋಹಾಮಾ ಬಂದರಿನಲ್ಲಿ ನಿಂತಿತ್ತು. 3,711 ಮಂದಿ ಅದರಲ್ಲಿದ್ದರು, ಅವರಲ್ಲಿ 712 ಮಂದಿಗೆ ಸೋಂಕು ತಗುಲಿತು. ನಾವೆಲ್ಲ ಮಾಸ್ಕ್ ಸಿಗದೆ ಔಷಧಿ ಅಂಗಡಿಯ ಮುಂದೆ ಬೆಳಿಗ್ಗೆಯೇ ಸಾಲು ನಿಲ್ಲುತ್ತಿದ್ದ ದಿನಗಳು. ಅದಾದ ಕೆಲವೇ ವಾರಗಳಲ್ಲಿ, ಕೊರೊನಾವನ್ನು ಕಾಲಜ್ಞಾನ ಮೊದಲೇ ನುಡಿದಿತ್ತು ಎಂಬ ವಾಟ್ಸಾಪ್ ಸಂದೇಶಗಳು ಊರಿನಿಂದ ಬರತೊಡಗಿದವು. ಯಾವುದೋ ಪದದ ಸದ್ದು ಕೊರೊನಾ ಎಂಬುದಕ್ಕೆ ಹತ್ತಿರವಿದೆ ಎಂಬುದೇ ಪುರಾವೆ. ನಮ್ಮ ಮನೆಯ ಹುಡುಗ ಇಂಥ ಪುರಾವೆ ತಂದರೆ ಅವನ ಗೆಳೆಯರೇ ನಕ್ಕು ಕಳಿಸುತ್ತಾರೆ. ಯಾವ ಅಧ್ಯಾಯ, ಯಾವ ಪುಟ, ಮೊದಲ ಮುದ್ರಣದಲ್ಲಿಯೂ ಹಾಗೆಯೇ ಇತ್ತೇ ಎಂದು ಕೇಳುತ್ತಾರೆ. ಸಂದೇಶ ಕಳಿಸಿದ ಹಿರಿಯರನ್ನು ಹಾಗೆ ಕೇಳಿದವರು ಯಾರಿದ್ದೇವೆ?

ಹಾಗೆಂದು ನಮ್ಮ ನೆಲದಲ್ಲಿ ಭವಿಷ್ಯವನ್ನು ಓದುವ ಒಳ್ಳೆಯ ಪದ್ಧತಿ ಇಲ್ಲವೆಂದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿ, ಲಕ್ಷಾಂತರ ಜನ ಉಸಿರು ಬಿಗಿಹಿಡಿದಿರುವಾಗ ಕಾರಣಿಕದ ಒಂದೇ ಒಂದು ನುಡಿ ಹೇಳಿ ಕೆಳಕ್ಕೆ ಬೀಳುತ್ತಾರೆ. ಮರುದಿನದ ಪತ್ರಿಕೆಗಳಲ್ಲಿ ಆ ನುಡಿಗೆ ಮಳೆ ಬೆಳೆ ಎಂದು ರೈತ ಅರ್ಥ ಹೇಳುತ್ತಾನೆ, ಮುಖ್ಯಮಂತ್ರಿ ಯಾರಾಗುತ್ತಾರೆ ಎಂದು ರಾಜಕಾರಣಿ ಅರ್ಥ ಹೇಳುತ್ತಾನೆ. ಅರ್ಥ ಹೇಳಿದವನ ಚಿಂತೆ ಏನೆಂಬುದು ಅದರಿಂದ ಬಯಲಾಗುತ್ತದೆ, ಅದು ಎಲ್ಲರಿಗೂ ಗೊತ್ತಿದ್ದೇ ನಡೆಯುತ್ತದೆ. ಕಾರಣಿಕ ಒಂದು ಕನ್ನಡಿ, ಜನ ಅದನ್ನು ಕನ್ನಡಿಯೆಂದು ತಿಳಿದೇ ನೋಡುತ್ತಾರೆ. ರಾಜಕಾರಣಿಯ ವಿಷಯ ಮಾತ್ರ ಖಚಿತವಾಗಿ ಹೇಳಲಾರೆ.

'ಯಾರು' ಎಂಬ ಪ್ರಶ್ನೆಯ ಬೆನ್ನಿಗೇ ಬರುವುದು 'ಯಾರ ಮಗ' ಎಂಬ ಪ್ರಶ್ನೆ. ಜಾರ್ಜ್ ಮಾರ್ಟಿನ್ ಅವರ ಕಾದಂಬರಿ ಸರಣಿಯ ಮೊದಲ ಪುಸ್ತಕ 1996ರಲ್ಲಿ ಬಂತು, ಐದನೆಯದು 2011ರಲ್ಲಿ. ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. 'ಗೇಮ್ ಆಫ್ ಥ್ರೋನ್ಸ್' ಎಂದು ಟಿ.ವಿ.ಯಲ್ಲಿ ಬಂದದ್ದು ಇದೇ ಕಥೆ. ಇದರಲ್ಲಿ ಅಜೋರ್ ಅಹಾಯಿ ಎಂಬ ಪುರಾತನ ವೀರ ಮತ್ತೆ ಹುಟ್ಟಿಬರುತ್ತಾನೆಂಬ ನುಡಿಯಿದೆ. ಅವನು ಯಾರೆಂಬುದಕ್ಕೆ ಅಭಿಮಾನಿಗಳು ಕಟ್ಟಿರುವ ಸಿದ್ಧಾಂತಗಳಲ್ಲಿ ಹೆಚ್ಚಿನವು ಕೊನೆಗೆ ವಂಶಾವಳಿಯಲ್ಲಿ ಮುಗಿಯುತ್ತವೆ. ಹಾದರದ ಮಗ ಎನಿಸಿಕೊಂಡ ಜಾನ್ ಸ್ನೋ ನಿಜಕ್ಕೂ ರಾಜವಂಶದ ಕುಡಿ, ಆದ್ದರಿಂದ ಅವನೇ ಆ ವೀರ ಎಂಬುದು ಇವುಗಳಲ್ಲಿ ಪ್ರಸಿದ್ಧ. ಹುಟ್ಟು ತಿಳಿದರೆ ಪಟ್ಟ ಸಿಕ್ಕಿದ ಹಾಗೆ ಎಂಬ ನಂಬಿಕೆ ಇದರ ಅಡಿಗಲ್ಲು.

ಕನ್ನಡ ಓದುಗರಿಗೆ ಇಲ್ಲಿ ಕರ್ಣ ನೆನಪಾಗದೆ ಇರುವುದಿಲ್ಲ. ಹುಟ್ಟಿನ ಗುಟ್ಟು ಇರುವ ವೀರ ಅವನಿಗಿಂತ ದೊಡ್ಡವನು ಇನ್ನಾರಿದ್ದಾರೆ? ಆದರೆ ಪಂಪನಲ್ಲಿ, ಕುಮಾರವ್ಯಾಸನಲ್ಲಿ ಆ ಗುಟ್ಟು ಬಯಲಾಗುವ ಗಳಿಗೆ ಸಂಭ್ರಮದ್ದಲ್ಲ. ಕೃಷ್ಣ ಅದನ್ನು ಹೇಳುವುದು ಯುದ್ಧದ ಮುಂಚೆ, ಕರ್ಣನ ಕೈ ಕಟ್ಟುವುದಕ್ಕೆ. ನೀನು ಕುಂತಿಯ ಮಗ ಎಂಬ ಮಾತು ಅವನಿಗೆ ಪಟ್ಟವಲ್ಲ, ಬಾಣ. ಇನ್ನು ಮುಂದೆ ಅವನು ಬಿಡುವ ಪ್ರತಿ ಅಂಬೂ ತಮ್ಮಂದಿರ ಕಡೆಗೆ. 941ರಲ್ಲಿ ಮುಗಿದ ತನ್ನ ಕಾವ್ಯದಲ್ಲಿ ಪಂಪ, ಕುಲದ ಮಾತೆತ್ತಿದವರಿಗೆ ಕರ್ಣನಿಂದಲೇ ಉತ್ತರ ಕೊಡಿಸುತ್ತಾನೆ: ಛಲ, ಗುಣ, ಅಭಿಮಾನ, ಶೌರ್ಯ ಇವೇ ಕುಲವೆಂದು. ಅದಾಗಿ ಎರಡು ಶತಮಾನಗಳ ಮೇಲೆ ಬಸವಣ್ಣನವರು, ಬಂದವನನ್ನು ನೀನು ಯಾರವನು ಎಂದು ಕೇಳಿಸದಿರು ಎಂದು ಬೇಡಿಕೊಂಡದ್ದು ನಮ್ಮ ಮಕ್ಕಳಿಗೂ ಬಾಯಿಪಾಠ. ಸಂಘದ ಪ್ರತಿ ಕಾರ್ಯಕ್ರಮದಲ್ಲಿ ಯಾರಾದರೊಬ್ಬರು ಹಾಡುತ್ತಾರೆ. ಹಾಡಿ ಮುಗಿಸಿ ಮನೆಗೆ ಹೋಗಿ ಜಾನ್ ಸ್ನೋ ಯಾರವನು ಎಂದು ಮಧ್ಯರಾತ್ರಿಯವರೆಗೆ ವಾದಿಸುತ್ತೇವೆ. ಇರಲಿ, ತಮಾಷೆಗೆ ಹೇಳಿದೆ. ಟಿ.ವಿ. ಸರಣಿಯಲ್ಲಿ ಜಾನ್‌ನ ಹುಟ್ಟು ಬಯಲಾದ ಮೇಲೂ ಅವನಿಗೆ ಸುಖವಾಗಲಿಲ್ಲ. ಅಷ್ಟರಮಟ್ಟಿಗೆ ಅವನು ಕರ್ಣನ ಕಡೆಯವನೇ. ಕತ್ತಲ ರಾಜನನ್ನು ಕೊಂದದ್ದು ಯಾರ ಪಟ್ಟಿಯಲ್ಲೂ ಮೊದಲಿಗಳಲ್ಲದ ಆರ್ಯ. 2019ರಲ್ಲಿ ಅಭಿಮಾನಿಗಳು ಅದಕ್ಕೆ ಸಿಟ್ಟಾದರು. ಕಥೆ ಕಟ್ಟಿದ ರೀತಿಯಲ್ಲಿ ಅವಸರವಿತ್ತು, ಆ ಸಿಟ್ಟನ್ನು ನಾನು ಒಪ್ಪುತ್ತೇನೆ. ಪಟ್ಟಿಯಲ್ಲಿಲ್ಲದವಳು ಬಂದಳು ಎಂಬ ಸಿಟ್ಟನ್ನು ಒಪ್ಪಲಾರೆ.

ಪಟ್ಟಿಯಲ್ಲಿಲ್ಲದವರು ಬಾಗಿಲಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಮಂಟೇಸ್ವಾಮಿ ಕಾವ್ಯದಷ್ಟು ಕಟುವಾಗಿ ಹೇಳಿದ ಕಥೆಯನ್ನು ನಾನು ಬೇರೆಲ್ಲೂ ಓದಿಲ್ಲ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕಾವ್ಯ ಇದು. ಬೊಪ್ಪೇಗೌಡನಪುರ, ಚಿಕ್ಕಲ್ಲೂರಿನ ಜಾತ್ರೆಗೆ ಹೋದವರು ಸಂಘದಲ್ಲಿ ಇದ್ದಾರೆ, ಅವರಿಗೆ ನಾನು ಹೇಳಬೇಕಾದ್ದಿಲ್ಲ. ಈ ಪರಂಪರೆಗೂ ಕೊಡೇಕಲ್ಲಿನ ಪರಂಪರೆಗೂ ಇರುವ ನಂಟನ್ನು ವಿದ್ವಾಂಸರು ಗುರುತಿಸಿದ್ದಾರೆ. ಕಾವ್ಯದ ಕಲ್ಯಾಣದ ಸಾಲಿನಲ್ಲಿ ಬಸವಣ್ಣನವರ ಮನೆಯಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹ. ವಿಭೂತಿ, ರುದ್ರಾಕ್ಷಿ, ಕಾವಿ ಇದ್ದವರಿಗೆಲ್ಲ ಬಾಗಿಲು ತೆರೆದಿದೆ. ಆ ಬಾಗಿಲಿಗೆ ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಬರುತ್ತಾರೆ. ಮೈತುಂಬ ಕುಷ್ಠ, ಹೆಗಲಲ್ಲಿ ಹೆಂಡ ಮಾಂಸ, ನೊಣಗಳ ಹಿಂಡು. ಬಾಗಿಲು ಕಾಯುವವರು ಬಿಡುವುದಿಲ್ಲ. ಅವರು ತಿಪ್ಪೆಯಲ್ಲಿ ಹೋಗಿ ಮಲಗುತ್ತಾರೆ. ಕೊನೆಗೆ ಬಸವಣ್ಣನವರೇ ತಿಪ್ಪೆಯ ಬಳಿಗೆ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಇದು ಕಾಲಜ್ಞಾನವಲ್ಲ, ಮಂಟೇಸ್ವಾಮಿ ಬರುತ್ತಾರೆಂದು ಯಾರೂ ಭವಿಷ್ಯ ನುಡಿದಿರಲಿಲ್ಲ ಎನ್ನಬಹುದು. ಆದರೆ ಬಾಗಿಲು ಕಾಯುವವರ ಕೈಯಲ್ಲಿದ್ದದ್ದು ಲಕ್ಷಣಗಳ ಪಟ್ಟಿಯೇ. ದೊಡ್ಡವರು ಬಂದರೆ ಹೇಗಿರುತ್ತಾರೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಹೀಗೆ ಗೊತ್ತಿದ್ದುದರಿಂದಲೇ ಗುರುತು ಸಿಗಲಿಲ್ಲ. ಈ ಕಥೆಯನ್ನು ಹಾಡಿಕೊಂಡು ಬಂದವರಲ್ಲಿ ಊರಿನ ಬಾಗಿಲುಗಳು ತಮಗೆ ತೆರೆಯದಿದ್ದ ಸಮುದಾಯಗಳವರು ಬಹಳ ಮಂದಿ. ಕಲ್ಯಾಣವನ್ನು ಅವರು ಹೊರಗಿನಿಂದ ನೋಡಿ ಹಾಡುತ್ತಾರೆ. ಕಾಲಜ್ಞಾನದ ವಚನಗಳಲ್ಲಿ ಕಳೆದುಹೋದ ಕಲ್ಯಾಣ ಮರಳಿ ಬರಬೇಕೆಂಬ ಹಂಬಲವಿದ್ದರೆ, ಇಲ್ಲಿ ಆ ಕಲ್ಯಾಣ ಇದ್ದಾಗಲೇ ತಿಪ್ಪೆಯಲ್ಲಿ ಯಾರು ಮಲಗಿದ್ದರು ಎಂಬ ಪ್ರಶ್ನೆಯಿದೆ. ವೀರವಸಂತರಾಯ ನಾಳೆ ಬಂದರೆ ಯಾವ ಕಲ್ಯಾಣವನ್ನು ಕಟ್ಟಬೇಕು ಎಂಬುದಕ್ಕೆ ಈ ಎರಡನ್ನೂ ಒಟ್ಟಿಗೆ ಓದಬೇಕು ಎಂದು ನನಗೆ ತೋರುತ್ತದೆ.

ಜಪಾನಿನಲ್ಲಿಯೇ ಇದಕ್ಕೆ ಸಮೀಪದ ಕಥೆ ಮಿಯಾಜಾಕಿ ಹಯಾವೋ ಅವರ 'ನೌಸಿಕಾ'. 1984ರ ಈ ಚಿತ್ರ 2020ರ ಬೇಸಿಗೆಯಲ್ಲಿ ಮತ್ತೆ ತೆರೆಗೆ ಬಂದಿತ್ತು. ಕೊರೊನಾದಿಂದ ಹೊಸ ಚಿತ್ರಗಳಿಲ್ಲದ ಸಮಯ, ಒಂದು ಬಿಟ್ಟು ಒಂದು ಕುರ್ಚಿ ಖಾಲಿ. ಯೋಕೋಹಾಮಾದ ಒಂದು ಚಿತ್ರಮಂದಿರದಲ್ಲಿ ಮಗಳ ಜತೆ ನೋಡಿದೆ. ಹಾಳಾದ ಭೂಮಿ, ವಿಷದ ಕಾಡು, ಓಮು ಎಂಬ ದೈತ್ಯ ಕೀಟಗಳು. ನೀಲಿ ಉಡುಪು ತೊಟ್ಟು ಬಂಗಾರದ ಬಯಲಿಗೆ ಇಳಿದುಬರುವ ಒಬ್ಬರ ಬಗ್ಗೆ ಅಲ್ಲಿ ಹಳೆಯ ನುಡಿಯಿದೆ. ಗೋಡೆಯ ಮೇಲೆ ನೇಯ್ದ ಪರದೆಯಲ್ಲಿ ಆ ವ್ಯಕ್ತಿ ಗಂಡಸು. ಯೂಪಾ ಎಂಬ ಮಹಾಯೋಧ ಅವನನ್ನು ಹುಡುಕುತ್ತ ಲೋಕವೆಲ್ಲ ಸುತ್ತುತ್ತಾನೆ. ಕೊನೆಗೆ ಬಂದವಳು ಅವನ ಶಿಷ್ಯೆ, ಅವನು ಆಗಾಗ ಬಂದುಹೋಗುತ್ತಿದ್ದ ಕಣಿವೆಯ ಹುಡುಗಿ ನೌಸಿಕಾ. ಅವಳ ಉಡುಪೂ ನೀಲಿಯದಲ್ಲ, ಗಾಯಗೊಂಡ ಓಮು ಮರಿಯನ್ನು ತಡೆಯಹೋಗಿ ಅದರ ನೀಲಿ ರಕ್ತ ತಗುಲಿದ್ದು. ಅದನ್ನು ಮೊದಲು ಗುರುತಿಸಿದ ಮುದುಕಿಗೆ ಕಣ್ಣು ಕಾಣದು. ಮಕ್ಕಳು ಕಂಡದ್ದನ್ನು ಕಂಡಂತೆ ಹೇಳುತ್ತಾರೆ, ಅವಳಿಗೆ ತಿಳಿಯುತ್ತದೆ.

ಪರದೆಯ ಗಂಡಸು ಎಲ್ಲಿಂದ ಬಂದ? ಜಪಾನಿ ನುಡಿಯಲ್ಲಿರುವ 'ಮೋನೋ' ಎಂಬ ಪದಕ್ಕೆ ವ್ಯಕ್ತಿ ಎಂದಷ್ಟೇ ಅರ್ಥ, ಹೆಣ್ಣು ಗಂಡೆಂಬ ಭೇದವಿಲ್ಲ. ಮಾರ್ಟಿನ್ ಅವರ ಕಥೆಯಲ್ಲಿಯೂ ನೂರು ವರ್ಷದ ಮುದುಕ ಏಮನ್ ಸಾಯುವ ಮುನ್ನ ಇದನ್ನೇ ಹೇಳುತ್ತಾನೆ, ರಾಜಕುಮಾರ ಎಂದದ್ದು ಅನುವಾದದ ತಪ್ಪು, ಮೂಲದ ಪದಕ್ಕೆ ಲಿಂಗವಿಲ್ಲ ಎಂದು. ನಮ್ಮ ಕನ್ನಡದಲ್ಲಿ 'ಬರುವವನು' ಎಂದ ಕೂಡಲೇ ಅರ್ಧ ಊರನ್ನು ಪಟ್ಟಿಯಿಂದ ತೆಗೆದುಹಾಕಿದ ಹಾಗೆ. ನೀಲಗಾರರ 'ಧರೆಗೆ ದೊಡ್ಡವರು' ಎಂಬ ಗೌರವದ ಬಹುವಚನ ಈ ದೃಷ್ಟಿಯಿಂದ ಎಷ್ಟು ಜಾಣತನದ್ದು ಎಂದು ನನಗೆ ಇತ್ತೀಚೆಗೆ ಹೊಳೆಯಿತು. ಶೀರ್ಷಿಕೆಯಲ್ಲಿ 'ಬರಲಿರುವವರು' ಎಂದದ್ದು ಅದಕ್ಕೇ.

ಚಿತ್ರ ಇಲ್ಲಿಗೆ ಮುಗಿಯುತ್ತದೆ. ಮುಕ್ತಾಯ ದೇವರಪಟದ ಹಾಗಾಯಿತೆಂದು ಮಿಯಾಜಾಕಿ ಅವರಿಗೇ ಅಸಮಾಧಾನವಿತ್ತು. 1982ರಿಂದ 1994ರವರೆಗೆ ಬರೆದ ಏಳು ಸಂಪುಟಗಳ ಮಾಂಗಾದಲ್ಲಿ ಅವರು ಬಹಳ ಮುಂದೆ ಹೋದರು. ಅಲ್ಲಿ ನೀಲಿ ಉಡುಪಿನ ಮಾತು ನಡುವೆಯೇ ಬಂದುಹೋಗುತ್ತದೆ, ಸೋತ ನಾಡಿನ ದಿಕ್ಕೆಟ್ಟ ಜನ ಅವಳನ್ನು ಹಾಗೆಂದು ನಂಬುತ್ತಾರೆ. ಕಥೆಯ ಕೊನೆಯಲ್ಲಿ ಅವಳು ಹೋಗುವುದು ಶುವಾ ಎಂಬ ಊರಿನ ಗೋರಿಗೆ. ಭೂಮಿ ಮುಂದೆ ಹೇಗೆ ಶುದ್ಧವಾಗಬೇಕು, ಆಗ ಯಾವ ಹೊಸ ಮನುಷ್ಯರು ಬರಬೇಕು, ಈಗಿನವರು ಹೇಗೆ ಇಲ್ಲವಾಗಬೇಕು ಎಂಬುದನ್ನೆಲ್ಲ ಸಾವಿರ ವರ್ಷದ ಹಿಂದೆಯೇ ಬರೆದಿಟ್ಟ ಗೋರಿ ಅದು. ಇದಕ್ಕಿಂತ ಪೂರ್ತಿಯಾದ ಕಾಲಜ್ಞಾನ ಬೇರೊಂದಿಲ್ಲ. ಅವಳು ಅದನ್ನು ನೆಲಸಮ ಮಾಡಿಸುತ್ತಾಳೆ. ಕೆಮ್ಮುತ್ತ, ರಕ್ತ ಕಾರುತ್ತ, ಈ ವಿಷದ ಗಾಳಿಯಲ್ಲೇ ಬದುಕುವವರ ಪರವಾಗಿ. ಗೋರಿಯ ರಕ್ತವೂ ಓಮುಗಳ ರಕ್ತವೂ ಒಂದೇ ಎಂಬ ಗುಟ್ಟನ್ನು ಅವಳು ಕಾಡಿನವರ ಸೆಲ್ಮ್ ಒಬ್ಬನಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ, ಜನರ ನಡುವೆ ಇಳಿದುಬರುತ್ತಾಳೆ. ನನ್ನ ಮಗಳಿಗೆ ಈ ಕೊನೆ ಹಿಡಿಸಿಲ್ಲ. ಹೇಳಬೇಕಿತ್ತು, ಜನರಿಗೆ ತಿಳಿಯುವ ಹಕ್ಕಿತ್ತು ಎನ್ನುತ್ತಾಳೆ. ಏಳನೆಯ ಸಂಪುಟವನ್ನು ಮೂರು ಸಲ ಓದಿ ಗುರುತು ಹಾಕಿ ಇಟ್ಟಿದ್ದಾಳೆ. ವಾದ ಇನ್ನೂ ಮುಗಿದಿಲ್ಲ.